ಕಲ್ಲಿಲ್ಲದ ಪಿತ್ತಕೋಶ

"ಕಲ್ಲು ಎಷ್ಟಿದ್ಯಂತೆ? ದೊಡ್ಡದಾ?"

ಮಗಳು ಆಸ್ಪತ್ರೆಲಿದ್ದ ಆರು ದಿನ ಫೋನ್ ಮಾಡಿದವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳಿದ್ದು ಇದನ್ನೇ. ಕಲ್ಲಿಲ್ಲ ಅಂದ್ರೆ ಒಂದು ಕ್ಷಣ ಸುಮ್ಮನಾಗಿ, "ಇಲ್ಲ, ಸರಿಯಾಗಿ ನೋಡಿರಲ್ಲ ಬಿಡು, ಇನ್ನೊಂದು ಕಡೆ ಸ್ಕ್ಯಾನ್ ಮಾಡ್ಸು" ಅನ್ನೋರು. ಅವರ ತಪ್ಪೂ ಅಲ್ಲ. ನಮ್ಮತ್ತೆಗೆ ಹಿಂದೆ ಪಿತ್ತಕೋಶ ತೆಗೆದಾಗ ಒಳಗಿದ್ದ ಕಲ್ಲುಗಳನ್ನ ಪುಟ್ಟ ಡಬ್ಬೀಲಿ ಹಾಕಿ ಕೈಗೆ ಕೊಟ್ಟಿದ್ರು, ಮನೆಗೆ ಬಂದವರಿಗೆಲ್ಲಾ ಅತ್ತೆ ಅದನ್ನ ಅಲ್ಲಾಡಿಸಿ ತೋರಿಸೋರು. ಗಾಲ್ ಬ್ಲಾಡರ್ ಅಂದ್ರೆ ಕಲ್ಲು, ಕಲ್ಲು ಅಂದ್ರೆ ಆಪರೇಷನ್, ಅದೂ ವಯಸ್ಸಾದವರಿಗೆ. ನನ್ನ ತಲೇಲೂ ಇದ್ದಿದ್ದು ಅಷ್ಟೇ. ಎಂಟು ವರ್ಷದ ಹುಡುಗಿಗೆ, ಅದೂ ಬರೀ ಗಂಟಲು ನೋವು ಜ್ವರ ಅಂತ ಶುರುವಾಗಿದ್ದಕ್ಕೆ, ಪಿತ್ತಕೋಶ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗೋಕೇ ಎರಡು ದಿನ ಹಿಡೀತು.

ನಾವು ಪಿತ್ತ ಅನ್ನೋ ಪದ ದಿನಾ ಬಳಸ್ತೀವಿ. ಯಾರಾದ್ರೂ ರೇಗಿದ್ರೆ ಪಿತ್ತ ನೆತ್ತಿಗೇರಿದೆ ಅಂತೀವಿ, ತಲೆ ಸುತ್ತಿದ್ರೆ ಪಿತ್ತ ಜಾಸ್ತಿಯಾಗಿದೆ ಅಂತೀವಿ. ಆದ್ರೆ ಅದು ನಿಜವಾಗ್ಲೂ ಒಂದು ಹಸಿರು-ಹಳದಿ ದ್ರವ, ಲಿವರ್ ಅದನ್ನ ದಿನಪೂರ್ತಿ ತಯಾರು ಮಾಡ್ತಿರುತ್ತೆ, ಲಿವರಿನ ಕೆಳಗಡೆ ಬಲಗಡೆಗೆ ಅಂಟಿಕೊಂಡಿರೋ ಪೇರ್ ಹಣ್ಣಿನ ಆಕಾರದ ಚೀಲದಲ್ಲಿ ಅದು ಸೇರಿ ಗಟ್ಟಿಯಾಗುತ್ತೆ, ಜಿಡ್ಡಿನ ಪದಾರ್ಥ ತಿಂದಾಗ ಕರುಳಿಂದ ಒಂದು ಹಾರ್ಮೋನ್ ಹೊರಟು ಆ ಚೀಲವನ್ನ ಹಿಂಡುತ್ತೆ ಅನ್ನೋದನ್ನೆಲ್ಲಾ ನಾನು ಶಾಲೇಲಿ ಓದಿ ಪರೀಕ್ಷೆ ಮುಗಿದ ಮಾರನೇ ದಿನವೇ ಮರೆತಿದ್ದೆ. ದೊಡ್ಡವರಲ್ಲೂ ಆ ಚೀಲ ಹಿಡಿಯೋದು 30ರಿಂದ 50 ಮಿಲಿಲೀಟರ್. ಮಕ್ಕಳಲ್ಲಿ ಇನ್ನೂ ಚಿಕ್ಕದು. ಅಷ್ಟು ಚಿಕ್ಕ ಚೀಲ ನಮ್ಮನ್ನ ಅಷ್ಟು ಕುಣಿಸ್ತು.

ಆಗಿದ್ದು ಹೀಗೆ. ಮೊದಲು ಜ್ವರ, ಗಂಟಲು ನೋವು, ಕತ್ತಿನ ಎರಡೂ ಕಡೆ ಗಂಟು. ಕಣ್ಣಿನ ರೆಪ್ಪೆ ಬೆಳಿಗ್ಗೆ ಎದ್ದಾಗ ಊದಿಕೊಂಡಿರೋದು, ನಾನು ಅತ್ತಿದ್ದಾಳೆ ಅಂದ್ಕೊಂಡೆ. ಮೂರನೇ ದಿನ ಹತ್ತಿರದ ಕ್ಲಿನಿಕ್‌ಗೆ ಹೋದ್ವಿ, ಟಾನ್ಸಿಲ್ಸ್ ಮೇಲೆ ಬಿಳಿ ಪೊರೆ ಇದೆ, ಬ್ಯಾಕ್ಟೀರಿಯಾ ಇನ್ಫೆಕ್ಷನ್ ಅಂತ ಅಮಾಕ್ಸಿಸಿಲಿನ್ ಬರೆದುಕೊಟ್ರು. ಯಾವ ಟೆಸ್ಟೂ ಮಾಡ್ಲಿಲ್ಲ, ನಾವೂ ಕೇಳ್ಲಿಲ್ಲ. ನಾಲ್ಕು ದಿನ ಕೊಟ್ಟ ಮೇಲೆ ಮೈತುಂಬಾ ಕೆಂಪು ಗಂದೆ ಎದ್ದಿತು. ಔಷಧಿ ಅಲರ್ಜಿ ಅಂತ ಅದನ್ನ ನಿಲ್ಸಿದ್ರು. ಅದರ ಮಾರನೇ ರಾತ್ರಿ ಹೊಟ್ಟೆ ನೋವು, ವಾಂತಿ. ಎಲ್ಲಿ ನೋವು ಪುಟ್ಟಿ ಅಂದ್ರೆ ಹೊಕ್ಕುಳ ಸುತ್ತ ಕೈ ಆಡಿಸೋಳು, ಆಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ, ಆಮೇಲೆ ಬಲ ಭುಜ. ಭುಜ ಅಂದಾಗ ಇವರು "ಸ್ಕೂಲ್ ಬ್ಯಾಗ್ ಭಾರ ಕಣೇ" ಅಂದ್ರು, ನಾನೂ ಹೌದು ಅಂದೆ. ಪಿತ್ತಕೋಶ ಊದಿಕೊಂಡು ಮೇಲಿರೋ ವಪೆಗೆ, ಅಂದ್ರೆ ಎದೆ ಹೊಟ್ಟೆ ನಡುವಿನ ಪರದೆಗೆ, ಕಿರಿಕಿರಿ ಆದ್ರೆ ಅದರ ನರ ಕತ್ತಿನ ಹತ್ರ ಹುಟ್ಟೋದ್ರಿಂದ ಮೆದುಳು ಮೋಸ ಹೋಗಿ ನೋವನ್ನ ಭುಜದ ಲೆಕ್ಕಕ್ಕೆ ಬರ್ಕೊಳ್ಳುತ್ತೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಸ್ಕೂಲ್ ಬ್ಯಾಗಿಗೆ ಸುಮ್ನೆ ಬೈದಿದ್ವಿ.

ಆಸ್ಪತ್ರೇಲಿ ಮಕ್ಕಳ ಡಾಕ್ಟ್ರು ಮೊದಲು ಅಪೆಂಡಿಕ್ಸ್ ಇರ್ಬಹುದಾ ಅಂತ ನೋಡಿದ್ರು. ಆಮೇಲೆ ಬಲ ಪಕ್ಕೆಲುಬಿನ ಅಂಚಿನ ಕೆಳಗೆ ನಾಲ್ಕು ಬೆರಳು ಮೆತ್ತಗೆ ಒತ್ತಿ ಇಟ್ಕೊಂಡು "ಈಗ ಉದ್ದಕ್ಕೆ ಉಸಿರು ಎಳ್ಕೋ ನೋಡೋಣ" ಅಂದ್ರು. ಅವಳು ಎಳೆಯೋಕೆ ಶುರು ಮಾಡಿದಳು, ಅರ್ಧಕ್ಕೆ ಕತ್ತರಿಸಿದ ಹಾಗೆ ಉಸಿರು ನಿಂತುಹೋಯ್ತು. ಬಾಯಿ ಹಾಗೇ ತೆಗೆದಿತ್ತು, ಕಣ್ಣು ನನ್ನ ಕಡೆ. ಅಳ್ಲಿಲ್ಲ. ಡಾಕ್ಟ್ರು ಎಡಗಡೆನೂ ಅದೇ ಥರ ಒತ್ತಿ ನೋಡಿದ್ರು, ಅಲ್ಲಿ ಉಸಿರು ಸಲೀಸಾಗಿ ಹೋಯ್ತು. ಇದಕ್ಕೆ ಮರ್ಫಿ ಸೈನ್ ಅಂತಾರೆ, ಜಾನ್ ಬೆಂಜಮಿನ್ ಮರ್ಫಿ ಅಂತ ಷಿಕಾಗೋದಲ್ಲಿದ್ದ ಸರ್ಜನ್ ಹೆಸರು. ಉಸಿರು ಎಳೆದಾಗ ವಪೆ ಕೆಳಗೆ ಬಂದು ಲಿವರನ್ನ ತಳ್ಳುತ್ತೆ, ಅದರ ಜೊತೆ ಊದಿದ ಪಿತ್ತಕೋಶ ಬಂದು ಬೆರಳಿಗೆ ತಗಲುತ್ತೆ. ನೂರು ವರ್ಷಕ್ಕೂ ಹಳೇ ವಿದ್ಯೆ, ಮೆಷಿನ್ ಬೇಡ, ಕೈ ಸಾಕು. ತೀರಾ ಚಿಕ್ಕ ಮಕ್ಕಳಲ್ಲಿ ಇದನ್ನ ನಂಬೋಕಾಗಲ್ಲವಂತೆ, ಅವು ಎಲ್ಲಿ ಮುಟ್ಟಿದ್ರೂ ಕಿರುಚ್ತಾವೆ.

ಸ್ಕ್ಯಾನ್ ರಿಪೋರ್ಟ್ ಬಂತು. ಪಿತ್ತಕೋಶದ ಗೋಡೆ 9 ಮಿಲಿಮೀಟರ್. ಸುತ್ತ ಸ್ವಲ್ಪ ನೀರು. ಕಲ್ಲಿಲ್ಲ. ಲಿವರ್ ಸ್ವಲ್ಪ ದೊಡ್ಡದು, ಸ್ಪ್ಲೀನ್ ಅಂದ್ರೆ ಗುಲ್ಮ ಚೆನ್ನಾಗೇ ದೊಡ್ಡದಾಗಿದೆ. ಕೊನೇಲಿ ಒಂದು ಸಾಲು, ಅಕ್ಯೂಟ್ ಅಕ್ಯಾಲ್ಕುಲಸ್ ಕೋಲಿಸಿಸ್ಟೈಟಿಸ್ ಇರ್ಬಹುದು ಅಂತ, ಅಂದ್ರೆ ಕಲ್ಲಿಲ್ಲದೆ ಪಿತ್ತಕೋಶಕ್ಕೆ ದಿಢೀರ್ ಆಗೋ ಉರಿಯೂತ. ಆ ಗೋಡೆ ಸಾಮಾನ್ಯವಾಗಿ ಇರೋದು 3 ಮಿಲಿಮೀಟರಿನ ಒಳಗೆ. 9 ಅಂದ್ರೆ ಮೂರು ಪಟ್ಟು ಅಂತ ಲೆಕ್ಕ ಹಾಕೋಕೆ ಡಾಕ್ಟ್ರೇ ಬೇಕಾ, ನಾನೇ ಹಾಕಿದೆ. ಆ ಉದ್ದದ ಹೆಸರನ್ನ ಕಾರಿಡಾರಲ್ಲಿ ನಿಂತು ಫೋನಲ್ಲಿ ಹುಡುಕಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಯಾಕಂದ್ರೆ ಅಲ್ಲಿ ಸಿಕ್ಕಿದ್ದು ದೊಡ್ಡವರ ಕಥೆ. ದೊಡ್ಡವರಲ್ಲಿ ಪಿತ್ತಕೋಶ ಉರಿಯೂತ ಆದ್ರೆ ನೂರರಲ್ಲಿ 90ಕ್ಕೂ ಹೆಚ್ಚು ಸಲ ಕಲ್ಲೇ ಕಾರಣ. ಕಲ್ಲಿಲ್ಲದೆ ಆಗೋದು ಐಸಿಯುಲಿ ಇರೋರಿಗೆ, ಮೈ ಸುಟ್ಟವರಿಗೆ, ದೊಡ್ಡ ಆಪರೇಷನ್ ಆದವರಿಗೆ, ಬಾಯಿಂದ ಊಟ ನಿಂತು ವಾರಗಟ್ಟಲೆ ಡ್ರಿಪ್ ಮೇಲೆ ಬದುಕೋರಿಗೆ. ಅವರಲ್ಲಿ ನೂರಕ್ಕೆ 30 ಜನ, ಕೆಲವು ಕಡೆ ಅದಕ್ಕೂ ಹೆಚ್ಚು ಜನ ಉಳಿಯಲ್ಲ ಅಂತ ಬರೆದಿತ್ತು. ನಾನು ಆ ಸಂಖ್ಯೇನ ನೋಡ್ತಾ ನಿಂತಿದ್ದೆ. ಅದು ಯಾರ ಸಂಖ್ಯೆ ಅಂತ ಕೇಳ್ಕೊಳ್ಳೋ ಬುದ್ಧಿ ಆಗ ಇರ್ಲಿಲ್ಲ. ಬರ್ನ್ಸ್ ವಾರ್ಡಿನಲ್ಲಿರೋ ಅರವತ್ತು ವರ್ಷದವರ ಲೆಕ್ಕಾನ ತಂದು ಎಂಟು ವರ್ಷದ ನನ್ನ ಮಗಳ ತಲೆ ಮೇಲೆ ಇಟ್ಟಿದ್ದೆ. ಆ ರಾತ್ರಿ ಇವರಿಗೆ ಹೇಳ್ಲಿಲ್ಲ, ಒಬ್ಬಳೇ ಅನುಭವಿಸಿದೆ, ಹೇಳಿದ್ರೆ ಅವರೇ ಬೈದು ಸರಿ ಮಾಡ್ತಿದ್ರೇನೋ.

ಬೆಳಿಗ್ಗೆ ಡಾಕ್ಟ್ರು ರೌಂಡ್ಸಿಗೆ ಬಂದಾಗ ನಾನು ಕೇಳಿದ್ದು ಒಂದೇ, ಆಪರೇಷನ್ ಯಾವಾಗ ಅಂತ. ಅವರು ಕುರ್ಚಿ ಎಳ್ಕೊಂಡು ಕೂತ್ರು. "ನೋಡೀಮ್ಮ, ನೀವು ಪಿತ್ತಕೋಶಕ್ಕೆ ಕಾಯಿಲೆ ಬಂದಿದೆ ಅಂದ್ಕೊಂಡಿದೀರ. ಕಾಯಿಲೆ ಬಂದಿರೋದು ಇಡೀ ಹುಡುಗಿಗೆ. ಪಿತ್ತಕೋಶ ಅದರಲ್ಲಿ ಒಂದು ಭಾಗ ಅಷ್ಟೇ" ಅಂದ್ರು. ಪಕ್ಕದ ಮನೇಲಿ ಬೆಂಕಿ ಬಿದ್ದಾಗ ನಮ್ಮ ಗೋಡೆನೂ ಬಿಸಿಯಾಗಲ್ವಾ, ಹಾಗೆ ಅಂತ ನಾನು ಆಮೇಲೆ ಅತ್ತೆಗೆ ಬಿಡಿಸಿ ಹೇಳಿದೆ. ಬೆಂಕಿ ಯಾವುದು ಅಂದ್ರೆ ವೈರಸ್.

ರಕ್ತದ ರಿಪೋರ್ಟಲ್ಲಿ ಲಿವರ್ ಎನ್‌ಜೈಮ್‌ಗಳು ಏರಿದ್ವು, ಬಿಳಿ ರಕ್ತಕಣಗಳಲ್ಲಿ ವಿಚಿತ್ರ ಆಕಾರದ ಲಿಂಫೋಸೈಟುಗಳು ಬೇಕಾದಷ್ಟಿದ್ವು. ಗಂಟಲು, ಕತ್ತಿನ ಗಂಟು, ಊದಿದ ರೆಪ್ಪೆ, ದೊಡ್ಡ ಸ್ಪ್ಲೀನ್, ಅಮಾಕ್ಸಿಸಿಲಿನ್ ಕೊಟ್ಟ ಮೇಲೆ ಎದ್ದ ಗಂದೆ, ಎಲ್ಲಾ ಸೇರಿಸಿ ಡಾಕ್ಟ್ರು ಎಪ್‌ಸ್ಟೀನ್-ಬಾರ್ ವೈರಸ್ ಇರ್ಬೇಕು ಅಂದ್ರು. ಎರಡು ದಿನ ಬಿಟ್ಟು ಆ್ಯಂಟಿಬಾಡಿ ಟೆಸ್ಟ್ ಅದನ್ನೇ ಹೇಳ್ತು. ಆ ಗಂದೆನೇ ಒಂದು ಸುಳಿವಂತೆ, ಈ ವೈರಸ್ ಇರೋವಾಗ ಪೆನ್ಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಥರದ್ದು ಕೊಟ್ರೆ ಮೈಮೇಲೆ ಏಳೋದು ಉಂಟು, ಅದಕ್ಕೆ ಜೀವನಪೂರ್ತಿ ಪೆನ್ಸಿಲಿನ್ ಅಲರ್ಜಿ ಅಂತ ಹಣೆಪಟ್ಟಿ ಹಚ್ಚೋ ಮುಂಚೆ ಯೋಚನೆ ಮಾಡ್ಬೇಕಂತೆ. ಕ್ಲಿನಿಕ್ ಫೈಲಲ್ಲಿ ಕೆಂಪು ಇಂಕಲ್ಲಿ ಅಲರ್ಜಿ ಅಂತ ಬರೆದಿದ್ದು ಇನ್ನೂ ಹಾಗೇ ಇದೆ, ಹೋಗಿ ತಿದ್ದಿಸ್ಬೇಕು.

ಈ ವೈರಸ್ ಬಗ್ಗೆ ಆಸ್ಪತ್ರೇಲಿ ಕೂತು ಓದಿದ ಒಂದು ವಿಷಯ ಹೇಳ್ಲೇಬೇಕು. 1964ರಲ್ಲಿ ಆಂಥೊನಿ ಎಪ್‌ಸ್ಟೀನ್, ಯವಾನ್ ಬಾರ್, ಬರ್ಟ್ ಅಚಾಂಗ್ ಅನ್ನೋ ಮೂವರು ಇದನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಕಂಡಿದ್ದು ಒಂದು ಥರದ ಕ್ಯಾನ್ಸರ್ ಗೆಡ್ಡೆಯ ಜೀವಕೋಶಗಳಲ್ಲಿ. ಹೆಸರಲ್ಲಿ ಅಚಾಂಗ್ ಬಿಟ್ಟೋದ್ರು ಪಾಪ. ಆದ್ರೆ ಗಂಟಲು ನೋವು, ಗಂಟು, ತಿಂಗಳುಗಟ್ಟಲೆ ಸುಸ್ತು ಆಗೋ ಗ್ರಂಥಿ ಜ್ವರಕ್ಕೂ ಇದೇ ಕಾರಣ ಅಂತ ಗೊತ್ತಾಗಿದ್ದು ಆಕಸ್ಮಿಕವಾಗಿ. ಫಿಲಡೆಲ್ಫಿಯಾದಲ್ಲಿ ವರ್ನರ್ ಹೆನ್ಲೆ, ಗರ್ಟ್ರೂಡ್ ಹೆನ್ಲೆ ಅನ್ನೋ ಗಂಡ ಹೆಂಡತಿ ಈ ವೈರಸ್ ಮೇಲೆ ಕೆಲಸ ಮಾಡ್ತಿದ್ರು. ಅವರ ಲ್ಯಾಬಿನ ಟೆಕ್ನೀಷಿಯನ್ ರಕ್ತದಲ್ಲಿ ಈ ವೈರಸ್ಸಿನ ಆ್ಯಂಟಿಬಾಡಿ ಇರ್ಲಿಲ್ಲ, ಅದೇ ಹುಡುಗಿ ಗ್ರಂಥಿ ಜ್ವರ ಬಂದು ಎದ್ದು ವಾಪಸ್ ಬಂದಾಗ ನೋಡಿದ್ರೆ ಆ್ಯಂಟಿಬಾಡಿ ಬಂದಿತ್ತು. 1968ರಲ್ಲಿ ಅದನ್ನ ಪ್ರಕಟ ಮಾಡಿದ್ರು. ಪ್ರಪಂಚದ ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಈ ವೈರಸ್ ತಣ್ಣಗೆ ಮಲಗಿದೆ. ಬಹಳಷ್ಟು ಮಕ್ಕಳಿಗೆ ಬಂದಿದ್ದೂ ಗೊತ್ತಾಗಲ್ಲ. ನಮ್ಮವಳಿಗೆ ಮಾತ್ರ ಡಂಗುರ ಹೊಡ್ಕೊಂಡು ಬಂತು.

ಇದೊಂದೇ ಅಲ್ಲ. ಮಕ್ಕಳಲ್ಲಿ ಕಲ್ಲಿಲ್ಲದೆ ಪಿತ್ತಕೋಶ ಊದಿಸೋ ವೈರಸ್‌ಗಳಲ್ಲಿ ಹೆಪಟೈಟಿಸ್ ಎ, ಅಂದ್ರೆ ಮಾಮೂಲಿ ಕಾಮಾಲೆ ತರೋದು, ಅದೂ ಒಂದು ಮುಖ್ಯವಾದದ್ದು. ಡೆಂಗಿಯಲ್ಲೂ ಆಗುತ್ತೆ. ಪಕ್ಕದ ಬೆಡ್ಡಿನ ಹುಡುಗನಿಗೆ ಡೆಂಗಿ, ಅವನ ಸ್ಕ್ಯಾನಲ್ಲೂ ಗೋಡೆ ದಪ್ಪ, ಅವರಮ್ಮನೂ ನನ್ನ ಹಾಗೇ ಬಿಳಿಚಿಕೊಂಡು ಕೂತಿದ್ರು. ಡೆಂಗಿಯಲ್ಲಿ ರಕ್ತನಾಳಗಳು ಸೋರಿ ಪ್ಲಾಸ್ಮಾ, ಅಂದ್ರೆ ರಕ್ತದಲ್ಲಿರೋ ನೀರಿನಂಥ ಭಾಗ, ಹೊರಗೆ ಬರುತ್ತೆ, ಅದು ಪಿತ್ತಕೋಶದ ಗೋಡೇಲಿ ಸೇರಿ ಸ್ಪಾಂಜಿನ ಥರ ಉಬ್ಬುತ್ತೆ. ಸೋರಿಕೆ ನಿಂತ್ರೆ ಅದೂ ಇಳಿಯುತ್ತೆ. ಪ್ಲೇಟ್ಲೆಟ್ ಬಿದ್ದಿರೋ ಅಂಥ ಮಗುವಿಗೆ ಗಾಬರೀಲಿ ಚಾಕು ಹಾಕಿದ್ರೆ ರಕ್ತ ನಿಲ್ಸೋದೇ ಕಷ್ಟ. ಟೈಫಾಯ್ಡ್ ಥರ ಬ್ಯಾಕ್ಟೀರಿಯಾದಿಂದ್ಲೂ ಇದಾಗುತ್ತೆ, ಅಲ್ಲಿ ಆ್ಯಂಟಿಬಯೋಟಿಕ್ ಬೇಕೇ ಬೇಕು, ಅದಕ್ಕೇ ಮೂಲ ಯಾವುದು ಅಂತ ಹುಡುಕೋದಕ್ಕೆ ಅಷ್ಟು ರಕ್ತ ತೆಗೀತಾರೆ. ಅವಳ ಕೈಗೆ ನಾಲ್ಕನೇ ಸಲ ಸೂಜಿ ಚುಚ್ಚಿದಾಗ ನಾನು ನರ್ಸ್ ಮೇಲೆ ರೇಗಿದೆ. ಈಗ ನಾಚಿಕೆ ಆಗುತ್ತೆ.

ಗೋಡೆ ಯಾಕೆ ದಪ್ಪ ಆಗುತ್ತೆ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ವೈರಸ್ ನೇರವಾಗಿ ಪಿತ್ತಕೋಶದ ಒಳಪದರಕ್ಕೂ ಹೋಗ್ಬಹುದು. ಲಿವರ್ ಊದಿಕೊಂಡಾಗ ಪಿತ್ತದ ಹರಿವು ಮಂದ ಆಗುತ್ತೆ, ಜ್ವರ ವಾಂತಿ ಅಂತ ಮಗು ಏನೂ ತಿನ್ನದೆ ಇದ್ರೆ ಚೀಲ ಹಿಂಡೋಕೆ ಕಾರಣವೇ ಇರಲ್ಲ, ನಿಂತ ಪಿತ್ತ ಗಟ್ಟಿಯಾಗಿ ಕೆಸರಾಗುತ್ತೆ, ಆ ಕೆಸರು ಒಳಪದರವನ್ನ ಕೆರಳಿಸುತ್ತೆ. ಇಲ್ಲೊಂದು ತಮಾಷೆ ಇದೆ. ನೋವು ಜೋರಿದ್ದಾಗ ಬಾಯಿಗೆ ಏನೂ ಕೊಡ್ಬೇಡಿ ಅಂತಾರೆ, ಯಾಕಂದ್ರೆ ತಿಂದ್ರೆ ಚೀಲ ಹಿಂಡಿ ನೋವು ಹೆಚ್ಚುತ್ತೆ. ಆದ್ರೆ ಬಹಳ ದಿನ ಉಪವಾಸ ಕೆಡವಿದ್ರೆ ಅದೇ ಕೆಸರಿಗೆ ದಾರಿ. ಹಾಗಾಗಿ ಎರಡೇ ದಿನಕ್ಕೆ, ವಾಂತಿ ನಿಂತ ಕೂಡ್ಲೇ, ಚಮಚ ಚಮಚವಾಗಿ ಶುರು ಮಾಡಿದ್ರು.

ಚಿಕಿತ್ಸೆ ಅಂತ ಕೊಟ್ಟಿದ್ದು ಡ್ರಿಪ್, ತೂಕಕ್ಕೆ ಲೆಕ್ಕ ಹಾಕಿದ ನೋವಿನ ಔಷಧಿ, ವಾಂತಿ ನಿಲ್ಲೋಕೆ ಒಂದು ಇಂಜೆಕ್ಷನ್. ಅಷ್ಟೇ. ಏನಾದ್ರೂ ಮಾಡ್ತಾನೇ ಇರ್ಬೇಕು ಅನ್ನೋ ನನ್ನಂಥವಳಿಗೆ ಇದನ್ನ ಸಹಿಸೋದು ಸಣ್ಣ ಮಾತಲ್ಲ. ಆ್ಯಂಟಿಬಯೋಟಿಕ್ ಯಾಕೆ ಇಲ್ಲ, ಮುನ್ನೆಚ್ಚರಿಕೆಗಾದ್ರೂ ಒಂದು ಹಾಕಿ ಅಂತ ಜಗಳಕ್ಕೇ ನಿಂತೆ. ಆಗ ಡಾಕ್ಟ್ರು ಹೇಳಿದ್ದು ನನಗೆ ಇವತ್ತಿಗೂ ಆಶ್ಚರ್ಯ. ಇಂಥ ಕಡೆ ಜನ ಸಾಮಾನ್ಯವಾಗಿ ಕೈ ಹಾಕೋ ಸೆಫ್ಟ್ರಿಯಾಕ್ಸೋನ್ ಅನ್ನೋ ಇಂಜೆಕ್ಷನ್ ಇದ್ಯಲ್ಲ, ಅದು ಪಿತ್ತದ ಮೂಲಕನೂ ಹೊರಗೆ ಹೋಗುತ್ತೆ, ಹೋಗೋವಾಗ ಕ್ಯಾಲ್ಸಿಯಂ ಜೊತೆ ಸೇರಿ ಕೆಲವು ಮಕ್ಕಳ ಪಿತ್ತಕೋಶದಲ್ಲಿ ಕಲ್ಲಿನ ಥರ ಕೂರುತ್ತೆ. ನಿಜವಾದ ಕಲ್ಲಲ್ಲ, ಔಷಧಿ ನಿಲ್ಲಿಸಿದ್ರೆ ಕೆಲವು ವಾರದಲ್ಲಿ ತಾನೇ ಕರಗುತ್ತೆ. "ಬೇಕಾದಾಗ ನಾನೇ ಕೊಡ್ತೀನಿ, ಒಳ್ಳೇ ಔಷಧಿ. ಆದ್ರೆ ಇಲ್ಲದ ಬ್ಯಾಕ್ಟೀರಿಯಾಗೆ ಅಂತ ಕೊಟ್ಟು, ಆಮೇಲೆ ಸ್ಕ್ಯಾನಲ್ಲಿ ಕಲ್ಲು ಕಂಡು, ನೀವು ಇನ್ನೊಂದು ಸಲ ಹೆದರೋದು ಬೇಡ" ಅಂದ್ರು. ಅತ್ತೆಗೆ ಇದನ್ನ ಹೇಳಿದ್ರೆ ಡಬ್ಬಿ ರೆಡಿ ಮಾಡ್ತಿದ್ರು.

ಸುಮ್ಮನೆ ಕಾಯೋದು ಅಂದ್ರೆ ಸುಮ್ಮನೆ ಕೂತಿರೋದು ಅಂದ್ಕೊಂಡಿದ್ದೆ. ದಿನಕ್ಕೆ ಎರಡು ಸಲ ಒಬ್ಬ ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗೋರು. ಮೊದಲ ದಿನ ಅವರನ್ನ ನೋಡಿ ಜೀವ ಹಾರಿಹೋಗಿತ್ತು. ಅವರು ಮಾತು ಕಮ್ಮಿ. ಹೊಟ್ಟೆ ಮೆತ್ತಗಿದ್ಯಾ, ಹಲಗೆ ಥರ ಗಟ್ಟಿಯಾಗ್ತಿದ್ಯಾ, ನೋವು ದಿನೇ ದಿನೇ ಏರ್ತಿದ್ಯಾ, ಇಳಿದ ಜ್ವರ ಮತ್ತೆ ಜೋರಾಯ್ತಾ, ಮಗು ಮಂಕಾಗ್ತಿದ್ಯಾ, ಇಷ್ಟನ್ನೇ ನೋಡೋದು. ಪಿತ್ತಕೋಶದ ಗೋಡೆಗೆ ರಕ್ತ ಹೋಗೋದು ನಿಂತು ಕೊಳೆಯೋಕೆ ಶುರುವಾದ್ರೆ, ತೂತಾದ್ರೆ, ಆಗ ತಡ ಮಾಡೋ ಹಾಗಿಲ್ಲ, ಆಪರೇಷನ್ ಮಾಡ್ಬೇಕು ಇಲ್ಲ ನಳಿಕೆ ಹಾಕಿ ಪಿತ್ತ ಹೊರಗೆ ತೆಗೀಬೇಕು. ವೈರಸ್‌ನಿಂದ ಆದವರಲ್ಲಿ ಅದು ಅಪರೂಪ, ಆದ್ರೆ ಅಪರೂಪ ಅನ್ನೋ ಪದವನ್ನ ನಂಬಿ ಮನೆಗೆ ಹೋಗಿ ಮಲಗೋಕಾಗಲ್ಲ ಅಂತ ಅವರು ದಿನಾ ಬರ್ತಿದ್ದಿದ್ದು. ಮೂರನೇ ದಿನ ಅವರ ಕೈ ಹೊಟ್ಟೆ ಮೇಲಿದ್ದಾಗ್ಲೇ ಅವಳು ನಿದ್ದೆ ಹೋದಳು. ಅವರು ಕೈ ತೆಗೆದು ನನ್ನ ಕಡೆ ನೋಡಿ ತಲೆ ಆಡಿಸಿ ಹೊರಟ್ರು. ಆಮೇಲೆ ನನಗೆ ಭಯ ಅರ್ಧ ಇಳೀತು.

ಎರಡನೇ ಸ್ಕ್ಯಾನಿನ ಕಥೆ ಬೇರೆ. ನಾಲ್ಕನೇ ದಿನ ಬೆಳಿಗ್ಗೆ ಸ್ಕ್ಯಾನ್, ಅದಕ್ಕೆ ಮುಂಚೆ ಆರು ಗಂಟೆ ಹೊತ್ತು ಏನೂ ತಿನ್ನಿಸ್ಬೇಡಿ ಅಂದಿದ್ರು. ಸ್ಕ್ಯಾನ್ ಮಾಡೋರು ಜೆಲ್ ಹಚ್ಚಿ, ಪ್ರೋಬ್ ಓಡಿಸಿ, ಹುಬ್ಬು ಗಂಟಿಕ್ಕಿ, ಚೀಲ ಪೂರ್ತಿ ಮುದುಡಿಕೊಂಡಿದೆ, ಗೋಡೆ ಇನ್ನೂ ದಪ್ಪನೇ ಕಾಣ್ತಿದೆ ಅಂದ್ರು. ನನಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯ್ತು. ಅವರು ನನ್ನನ್ನ ಬಿಟ್ಟು ನೇರ ಅವಳನ್ನೇ ಕೇಳಿದ್ರು, "ಪುಟ್ಟಾ, ಏನಾದ್ರೂ ಕುಡಿದ್ಯಾ?" ಅವಳು ಮೊದಲು ನನ್ನ ನೋಡಿದಳು, ಆಮೇಲೆ ಫ್ಯಾನ್ ನೋಡಿದಳು. ನಾನು ಸ್ನಾನಕ್ಕೆ ಹೋದಾಗ ಅಪ್ಪನ ಕೈಲಿ ಹಾಲು ತರಿಸ್ಕೊಂಡು ಕುಡಿದಿದ್ದಾಳೆ. ಅವರಪ್ಪ ಬಾಗಿಲ ಹತ್ರ ನಿಂತು ಗೋಡೆ ನೋಡ್ತಿದ್ರು. ಹಾಲು ಹೊಟ್ಟೆಗೆ ಬಿದ್ದ ಮೇಲೆ ಚೀಲ ತನ್ನ ಕೆಲಸ ತಾನು ಮಾಡಿದೆ, ಹಿಂಡಿದೆ, ಹಿಂಡಿದ ಚೀಲದ ಗೋಡೆ ದಪ್ಪ ಕಾಣೋದು ಸಹಜ, ಗಾಳಿ ಬಿಟ್ಟ ಬಲೂನಿನ ರಬ್ಬರ್ ಥರ. ಸ್ಕ್ಯಾನ್ ಮಾಡೋರು ನಗ್ತಾ, "ಹಿಂಡೋ ಶಕ್ತಿ ಬಂದಿದೆ ಅಂತ ಖುಷಿ ಪಡಿ, ಸಂಜೆ ಬನ್ನಿ" ಅಂತ ಕಳಿಸಿದ್ರು. ಸಂಜೆ ಖಾಲಿ ಹೊಟ್ಟೇಲಿ ನೋಡಿದಾಗ 5. ಸುತ್ತ ಇದ್ದ ನೀರು ಇರ್ಲಿಲ್ಲ.

ಆ ಸಂಖ್ಯೆಗಳ ಹುಚ್ಚು ನನಗೆ ಎಷ್ಟು ಹಿಡಿದಿತ್ತು ಅಂದ್ರೆ ಒಂದು ಚೀಟೀಲಿ 9, 5 ಅಂತ ಬರ್ಕೊಂಡು ಪರ್ಸಲ್ಲಿ ಇಟ್ಕೊಂಡಿದ್ದೆ. ಡಾಕ್ಟ್ರು ಒಂದು ಸಲನೂ ಮಿಲಿಮೀಟರ್ ಮಾತಾಡಿದ್ದು ನೆನಪಿಲ್ಲ. ಅವರು ಕೇಳ್ತಿದ್ದಿದ್ದು ಎಷ್ಟು ಸಲ ಉಚ್ಚೆ ಹೋದಳು, ಆಟ ಆಡಿದಳಾ, ಯಾರ ಮೇಲಾದ್ರೂ ರೇಗಿದಳಾ. ಐದನೇ ದಿನ ಅವಳು ಟಿವಿ ರಿಮೋಟಿಗೋಸ್ಕರ ಅಪ್ಪನ ಜೊತೆ ಜಗಳ ಆಡಿದಳು ಅಂತ ನಾನು ದೂರು ಹೇಳಿದ್ರೆ, ಅವರು ಫೈಲ್ ತೆಗೆದು ನಾಳೆ ಮನೆಗೆ ಹೋಗ್ಬಹುದು ಅಂತ ಬರೆದ್ರು.

ಇದನ್ನ ಓದ್ತಿರೋ ಅಪ್ಪ ಅಮ್ಮಂದಿರು ದಯವಿಟ್ಟು ನಮ್ಮವಳ ಕಥೆ ಹಿಡ್ಕೊಂಡು ಹೊಟ್ಟೆ ನೋವು ತಾನೇ ಹೋಗುತ್ತೆ ಅಂತ ಮನೇಲಿ ಕೂರ್ಬೇಡಿ. ಜ್ವರದ ಜೊತೆ ಬಲಗಡೆ ಮೇಲ್ಹೊಟ್ಟೆ ನೋವು, ನಿಲ್ಲದ ವಾಂತಿ, ಕಣ್ಣು ಹಳದಿ, ಇವುಗಳಲ್ಲಿ ಏನೇ ಇದ್ರೂ ತೋರಿಸಿ. ಸುಮ್ಮನೆ ಕಾಯೋಣ ಅನ್ನೋ ತೀರ್ಮಾನ ಸ್ಕ್ಯಾನ್, ರಕ್ತ, ಹೊಟ್ಟೆ ಮುಟ್ಟಿದ ಕೈ ಇಷ್ಟೂ ನೋಡಿದ ಮೇಲೆ ಡಾಕ್ಟ್ರು ತಗೊಂಡಿದ್ದು, ನಾನಲ್ಲ. ಹಾಗೇ ಹೆಪಟೈಟಿಸ್ ಎಗೆ ಲಸಿಕೆ ಇದೆ, ಹಾಕಿಸದೇ ಇದ್ರೆ ನಿಮ್ಮ ಡಾಕ್ಟ್ರ ಹತ್ರ ಕೇಳಿ. ನಮ್ಮವಳಿಗೆ ಬಂದ ವೈರಸ್ಸಿಗೆ ಲಸಿಕೆ ಇಲ್ಲ.

ಮನೆಗೆ ಬಂದ ಮೇಲೂ ಸುಸ್ತು ಬಿಡ್ಲಿಲ್ಲ. ಹತ್ತು ಮೆಟ್ಟಿಲು ಹತ್ತಿ ಕೂತ್ಕೊಳ್ಳೋಳು, ಮಧ್ಯಾಹ್ನ ಮಲಗಿದ್ರೆ ಸಂಜೆ ಏಳಿಸ್ಬೇಕಿತ್ತು. ಮೂರು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಈ ಸಲ ನಾನು ಬೆಳಿಗ್ಗೆಯಿಂದ ಅಪ್ಪ ಮಗಳು ಇಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಗೋಡೆ 2 ಮಿಲಿಮೀಟರ್. ಕೆಸರಿಲ್ಲ, ನೀರಿಲ್ಲ. ಮೂರು ವಾರದ ಹಿಂದೆ ನನ್ನ ಜೀವ ಹಿಂಡಿದ ಚೀಲದ ಬಗ್ಗೆ ರಿಪೋರ್ಟಲ್ಲಿ ಅರ್ಧ ಸಾಲು, ನಾರ್ಮಲ್ ಅಂತ. ಚೀಟಿ ತೆಗೆದು 2 ಅಂತ ಬರ್ಕೊಂಡೆ.

ಅದರ ಕೆಳಗಿನ ಸಾಲಲ್ಲಿ ಸ್ಪ್ಲೀನ್ ಇನ್ನೂ ಸ್ವಲ್ಪ ದೊಡ್ಡದಿದೆ ಅಂತಿತ್ತು. ಊದಿದ ಸ್ಪ್ಲೀನಿಗೆ ಪೆಟ್ಟು ಬಿದ್ರೆ ಒಡೆಯೋ ಭಯ, ಹಾಗಾಗಿ ಓಟ, ಕುಣಿತ, ಸೈಕಲ್ ಇನ್ನೂ ಎರಡು ವಾರ ಬಂದ್. ಅದನ್ನ ಕೇಳಿದ್ದೇ ಅವಳು ಡಾಕ್ಟ್ರ ಮುಂದೆನೇ, "ಅಮ್ಮಾ, ಪಿತ್ತಕೋಶ ಸರಿ ಹೋದ್ರೆ ಸೈಕಲ್ ಕೊಡ್ತೀನಿ ಅಂದಿದ್ದೆ ನೀನು, ಸ್ಪ್ಲೀನ್ ಅಂತ ಹೇಳೇ ಇರ್ಲಿಲ್ಲ" ಅಂತ ಶುರು ಮಾಡಿದಳು. ಹೌದು, ನಾನು ಹೇಳಿರ್ಲಿಲ್ಲ. ಸೈಕಲ್ ಬೀಗದ ಕೀ ಈಗ ಬಟ್ಟೆ ಬೀರುವಿನ ಮೇಲಿದೆ, ಅವಳಿಗೆ ಗೊತ್ತಿಲ್ಲ ಅಂತ ನಾನಂದ್ಕೊಂಡಿದೀನಿ.